ಯಡ್ತರೆಯಲ್ಲಿ ಇಳಿದು ಲೆಕ್ಕ ಹಾಕಿದರೆ

ಯಡ್ತರೆಯ ಒಂದು ಎಕರೆ ಗದ್ದೆಯ ಮೇಲೆ ವರ್ಷವೊಂದರಲ್ಲಿ ಬೀಳುವ ಮಳೆಯನ್ನು ಹನಿಯೂ ಬಿಡದೆ ಹಿಡಿದಿಟ್ಟರೆ 1 ಕೋಟಿ 60 ಲಕ್ಷ ಲೀಟರ್ ಆಗುತ್ತದೆ. ಲೆಕ್ಕ ಕಷ್ಟದ್ದೇನಲ್ಲ. ಯಡ್ತರೆ ಇರುವ ಉಡುಪಿ ಜಿಲ್ಲೆಯಲ್ಲಿ ವರ್ಷಕ್ಕೆ 4,000 ಮಿಲಿಮೀಟರ್ ಆಸುಪಾಸು ಮಳೆ. ಒಂದು ಚದರ ಮೀಟರ್ ನೆಲದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಅದು ಒಂದು ಲೀಟರ್ ನೀರು. ಎಕರೆಗೆ 4,047 ಚದರ ಮೀಟರ್. ಗುಣಿಸಿದರೆ ಮುಗಿಯಿತು. ಪಟ್ಟಣದಲ್ಲಿ ಒಬ್ಬರಿಗೆ ದಿನಕ್ಕೆ 135 ಲೀಟರ್ ಬೇಕೆಂಬ ಸರ್ಕಾರಿ ಅಳತೆಯನ್ನು ಹಿಡಿದರೆ, ಒಂದೇ ಎಕರೆಯ ಮಳೆ 320 ಜನಕ್ಕೆ ವರ್ಷವಿಡೀ ಸಾಕು. ಮೆಲ್ಬರ್ನ್ ನಗರದಲ್ಲಿ ಇಷ್ಟು ಮಳೆ ಬೀಳಬೇಕಾದರೆ ಆರು ವರ್ಷ ಕಾಯಬೇಕು. ಅಲ್ಲಿ ವರ್ಷಕ್ಕೆ ಬೀಳುವುದು 650 ಮಿಲಿಮೀಟರ್ ಸುಮಾರಿಗೆ.

ಇಷ್ಟಾದರೂ ಏಪ್ರಿಲ್, ಮೇ ಬಂತೆಂದರೆ ಈ ಕಡೆಯ ಎಷ್ಟೋ ಕೇರಿಗಳಿಗೆ ಟ್ಯಾಂಕರ್ ನೀರೇ ಗತಿ. ಕೋಟಿ ಲೀಟರ್ ಬಿದ್ದ ಗದ್ದೆಯ ಪಕ್ಕದ ಬಾವಿಯಲ್ಲಿ ಕೊಡಪಾನ ತಳ ತಾಗುತ್ತದೆ. ಮುರಕಲ್ಲಿನ ನೆಲ ನೀರನ್ನು ಎಷ್ಟು ಬೇಗ ಕುಡಿಯುತ್ತದೋ ಅಷ್ಟೇ ಬೇಗ ಬಿಟ್ಟುಕೊಡುತ್ತದೆ. ಘಟ್ಟದಿಂದ ಕಡಲಿಗೆ ದಾರಿ ಗಿಡ್ಡ, ಇಳಿಜಾರು ಕಡಿದು. ಹಾಗಾಗಿ ಮೊದಲೇ ಹೇಳಿಬಿಡುತ್ತೇನೆ: ಈ ಊರಿನ ಅಂಕಿಗಳೆಲ್ಲ ದೊಡ್ಡವು, ಆದರೆ ಯಾವುದೂ ನಿಂತಲ್ಲೇ ಕೈಗೆ ಸಿಗುವಂಥದಲ್ಲ.

ಯಡ್ತರೆ ಬೈಂದೂರಿನ ಮಗ್ಗುಲಿನ ಊರು. 2018ರಲ್ಲಿ ಕುಂದಾಪುರ ತಾಲೂಕನ್ನು ಒಡೆದು ಬೈಂದೂರು ತಾಲೂಕು ಮಾಡಿದರು. ಆಮೇಲೆ ಪಟ್ಟಣ ಪಂಚಾಯಿತಿ ಬಂದಾಗ ಬೈಂದೂರು, ಪಡುವರಿಗಳ ಜೊತೆ ಯಡ್ತರೆಯೂ ಅದರೊಳಗೆ ಸೇರಿತು. ಕಾಗದದ ಮೇಲೆ ಇದೀಗ ಪೇಟೆ. ಒಳಗೆ ಗಂಗನಾಡಿನ ಕಡೆ ಹೋದರೆ ಅಡಿಕೆ ತೋಟ, ಕಾಡು, ಸಂಕ. ಜಂಕ್ಷನ್ನಿನಲ್ಲಿ ಹಾದುಹೋಗುವುದು ರಾಷ್ಟ್ರೀಯ ಹೆದ್ದಾರಿ 66, ಮುಂಬಯಿ ಪಕ್ಕದ ಪನ್ವೇಲ್‌ನಿಂದ ಕನ್ಯಾಕುಮಾರಿಯವರೆಗೆ ಸುಮಾರು 1,600 ಕಿಲೋಮೀಟರ್. ಹತ್ತಿರದಲ್ಲೇ ಕೊಂಕಣ ರೈಲು. 1998ರ ಜನವರಿ 26ರಂದು ಪೂರ್ತಿ ಮಾರ್ಗದಲ್ಲಿ ಓಡಾಟ ಶುರುವಾದ ಈ ಹಳಿಯ ಉದ್ದ 740 ಕಿಲೋಮೀಟರ್ ಸುಮಾರು, ಸುರಂಗಗಳು 90ರ ಮೇಲೆ, ದೊಡ್ಡ ಚಿಕ್ಕ ಸೇತುವೆಗಳು 1,800ರ ಮೇಲೆ. ನಿಲ್ದಾಣದ ಹೆಸರು ‘ಮೂಕಾಂಬಿಕಾ ರೋಡ್ ಬೈಂದೂರು’. ಹೆಸರೇ ಹೇಳುವಂತೆ, ಇಳಿದವರಲ್ಲಿ ಹೆಚ್ಚಿನವರಿಗೆ ಈ ಊರು ಬೇಕಿಲ್ಲ. ಕೊಲ್ಲೂರಿನ ಬಸ್ಸು ಅಥವಾ ಕಾರು ಹಿಡಿದು ಮೂವತ್ತು ಕಿಲೋಮೀಟರ್ ಒಳಗೆ ಹೋಗಿ, ಮೂಕಾಂಬಿಕೆಯ ದರ್ಶನ ಮುಗಿಸಿ, ಅದೇ ದಿನ ವಾಪಸ್ ರೈಲು ಹತ್ತುತ್ತಾರೆ.

ಇನ್ನೊಂದು ಕಡೆ, ನಮ್ಮ ಊರಿನ ಮಕ್ಕಳು ಈಗ ಮೆಲ್ಬರ್ನ್, ಸಿಡ್ನಿಗಳಲ್ಲಿದ್ದಾರೆ. ಅಪ್ಪ ಅಮ್ಮ ವೀಸಾದ ಆರು ತಿಂಗಳು ಅಲ್ಲಿದ್ದು ಬರುತ್ತಾರೆ. ಬಂದವರ ಬಾಯಲ್ಲಿ ಕೇಳಿ: “ಹ್ವಾಯ್, ಒಂದೇ ಬೀದಿಯಂಗೆ ಹತ್ತ್ ದೇಶ್ದರ್ ಇದ್ರ್ ಮಾರಾಯ್ರೆ!” ಸುಳ್ಳಲ್ಲ. ಮೆಲ್ಬರ್ನಿನ ಆಗ್ನೇಯಕ್ಕಿರುವ ಗ್ರೇಟರ್ ಡ್ಯಾಂಡೆನಾಂಗ್ ನಗರಸಭೆಯ ವ್ಯಾಪ್ತಿಯಲ್ಲಿ 150ಕ್ಕೂ ಹೆಚ್ಚು ದೇಶಗಳಲ್ಲಿ ಹುಟ್ಟಿದವರು ವಾಸವಾಗಿದ್ದಾರೆ. ಸಿಡ್ನಿಯ ಹ್ಯಾರಿಸ್ ಪಾರ್ಕ್ ಎಂಬ ಪುಟ್ಟ ಉಪನಗರದಲ್ಲಿ ಹೆಚ್ಚುಕಡಿಮೆ ಅರ್ಧಕ್ಕರ್ಧ ಜನ ಭಾರತದಲ್ಲಿ ಹುಟ್ಟಿದವರು. 2021ರ ಜನಗಣತಿಯಂತೆ ಇಡೀ ಆಸ್ಟ್ರೇಲಿಯಾದಲ್ಲಿ ಶೇ. 27.6 ಮಂದಿ ಹೊರದೇಶದಲ್ಲಿ ಹುಟ್ಟಿದವರು. ತಂದೆ ತಾಯಿಯರಲ್ಲಿ ಒಬ್ಬರಾದರೂ ಹೊರಗೆ ಹುಟ್ಟಿದವರನ್ನು ಎಣಿಸಿದರೆ ಅದು ಶೇ. 48.2. ಬಿಳಿಯರಲ್ಲದವರು ಒಳಗೆ ಬಾರದಂತೆ 1901ರಲ್ಲಿ ಕಾನೂನು ಮಾಡಿಕೊಂಡಿದ್ದ ದೇಶ ಅದು. ಆ ನೀತಿಯ ಕೊನೆಯ ಕೊಂಡಿ ಕಳಚಿದ್ದು 1973ರಲ್ಲಿ. ಐವತ್ತು ವರ್ಷದಲ್ಲಿ ಇಷ್ಟು ಬದಲಾವಣೆ! ಮೆಚ್ಚಬೇಕಾದದ್ದೇ.

ಆದರೆ ಅಲ್ಲಿ ಆಫ್ಘನ್ ರೊಟ್ಟಿ, ವಿಯೆಟ್ನಾಮಿನ ಸೂಪು, ಗುಜರಾತಿ ಚಾಟು ತಿಂದು ಬೆರಗಾಗಿ ಬಂದವರಿಗೆ ತಮ್ಮ ಊರಿನ ಲೆಕ್ಕ ಗೊತ್ತಿದೆಯೇ? ವಿಮಾನ ಐವತ್ತು ವರ್ಷದಲ್ಲಿ ಅಲ್ಲಿ ಮಾಡಿದ ಕೆಲಸವನ್ನು ಇಲ್ಲಿ ಗಾಳಿ ಮತ್ತು ಹಾಯಿಹಡಗು ಸಾವಿರ ವರ್ಷ ಮಾಡಿವೆ.

ಪಡುವರಿಯ ಸೋಮೇಶ್ವರ ಕಡಲತೀರಕ್ಕೆ ಬನ್ನಿ. ಯಡ್ತರೆಯಿಂದ ರಿಕ್ಷಾದಲ್ಲಿ ಬರುವಷ್ಟು ಹತ್ತಿರ. ಅಲ್ಲಿ ನಿಂತು ನೇರ ಪಡುವಣಕ್ಕೆ ಗೆರೆ ಎಳೆದರೆ ಸುಮಾರು 2,900 ಕಿಲೋಮೀಟರ್ ದೂರ ಒಂದು ಹಿಡಿ ಮಣ್ಣೂ ಸಿಗುವುದಿಲ್ಲ. ಮೊದಲು ಸಿಗುವ ನೆಲ ಯಮನ್. ಜೂನಿನಲ್ಲಿ ನಮಗೆ ಮಳೆ ತರುವ ಗಾಳಿ ಅರಬಿ ನಾವಿಕರನ್ನು ಈ ದಡಕ್ಕೆ ದೂಡುತ್ತಿದ್ದ ಗಾಳಿಯೂ ಹೌದು. ಚಳಿಗಾಲದಲ್ಲಿ ಅದೇ ಗಾಳಿ ತಿರುಗಿ ಬೀಸಿ ಅವರನ್ನು ಮನೆಗೆ ಮುಟ್ಟಿಸುತ್ತಿತ್ತು. ನಡುವಿನ ತಿಂಗಳುಗಳಲ್ಲಿ ಇಲ್ಲೇ ಉಳಿಯಬೇಕು. ಉಳಿದವರು ಮದುವೆಯಾದರು, ಮನೆ ಕಟ್ಟಿದರು. ಶಿರೂರು, ಭಟ್ಕಳದ ನವಾಯತರು ತಮ್ಮ ಮೂಲವನ್ನು ಹೇಳಿಕೊಳ್ಳುವುದು ಹೀಗೆ. ಅವರ ನವಾಯತಿ ಭಾಷೆಯ ಎಲುಬು ಕೊಂಕಣಿಯದು, ಮೇಲೆ ಅರಬಿ, ಪಾರಸಿ ಪದಗಳು. ಲಿಪಿಯೂ ಆ ಕಡೆಯದೇ.

ಮೊರಾಕೊ ದೇಶದ ಪ್ರವಾಸಿ ಇಬ್ನ್ ಬತೂತ 1340ರ ದಶಕದಲ್ಲಿ ಈ ದಡದುದ್ದಕ್ಕೂ ಬಂದವನು. ಇಲ್ಲಿಂದ ಐವತ್ತು ಅರವತ್ತು ಕಿಲೋಮೀಟರ್ ಬಡಗಣ ಹೊನ್ನಾವರದಲ್ಲಿ ಅವನು ಎಣಿಸಿ ಬರೆದಿಟ್ಟ ಒಂದು ಅಂಕಿ ನನ್ನನ್ನು ಈಗಲೂ ಬಿಟ್ಟಿಲ್ಲ: ಹುಡುಗಿಯರಿಗೆ 13 ಶಾಲೆಗಳು, ಹುಡುಗರಿಗೆ 23. ಆರು ಮುಕ್ಕಾಲು ಶತಮಾನದ ಹಿಂದೆ, ಒಂದು ಬಂದರು ಪೇಟೆಯಲ್ಲಿ, ಹೆಣ್ಣುಮಕ್ಕಳಿಗೇ ಬೇರೆಯಾಗಿ ಹದಿಮೂರು ಓದುಮನೆ. ಮುಂದೆ ಅವನು ಬಾರಕೂರನ್ನೂ ಹಾದು ಮಂಗಳೂರಿಗೆ ಹೋದ. ಬಾರಕೂರು ಆಗ ಈ ಸೀಮೆಯ ರಾಜಧಾನಿಯಂಥ ಊರು. ‘ವರ್ಷದ ದಿನಕ್ಕೊಂದರಂತೆ 365 ದೇವಸ್ಥಾನ’ ಎಂದು ಬಾರಕೂರಿನ ಬಗ್ಗೆ ಜನ ಹೇಳುವ ಮಾತನ್ನು ಅಕ್ಷರಶಃ ನಂಬಬೇಕಿಲ್ಲ. ಕತ್ತಲೆ ಬಸದಿಯೊಂದನ್ನೇ ನೋಡಿದರೂ ಆ ಮಾತು ಯಾಕೆ ಹುಟ್ಟಿತೆಂದು ತಿಳಿಯುತ್ತದೆ.

ಈಗ ಕೊಂಕಣಿಯ ಕಥೆಗೆ ಬರೋಣ; ಇದು ಇನ್ನೂ ಸೋಜಿಗ. 1510ರಲ್ಲಿ ಪೋರ್ಚುಗೀಸರು ಗೋವೆಯನ್ನು ಹಿಡಿದರು. 1560ರಲ್ಲಿ ಅಲ್ಲಿ ಧರ್ಮವಿಚಾರಣೆಯ ನ್ಯಾಯಸ್ಥಾನ ಶುರುವಾಯಿತು. ನಡುವೆ ಕೆಲಕಾಲ ನಿಂತರೂ 1812ರವರೆಗೆ, ಅಂದರೆ 252 ವರ್ಷಗಳ ಕಾಲ ಅದರ ನೆರಳಿತ್ತು. ಮತಾಂತರಕ್ಕೆ ಒಪ್ಪದ ಗೌಡ ಸಾರಸ್ವತರು ದೇವರ ಮೂರ್ತಿಗಳನ್ನು ಕಟ್ಟಿಕೊಂಡು ತೆಂಕಣಕ್ಕೆ ಬಂದರು. ಮೀನು ಹಿಡಿಯುವ ಖಾರ್ವಿಗಳು ಬಂದರು. ಕುಡುಬಿಯರು ಬಂದರು. ಅಷ್ಟೇ ಆಗಿದ್ದರೆ ಇದು ಎಲ್ಲ ಕಡೆಯ ವಲಸೆಯ ಕಥೆ. ಮತಾಂತರವಾದ ಕೊಂಕಣಿ ಕ್ಯಾಥೋಲಿಕರೂ ಬಂದರು, ಇದೇ ದಡಕ್ಕೆ ಬಂದರು! ಹೊಸ ಧರ್ಮದ ಕಟ್ಟುಪಾಡು, ತೆರಿಗೆ, ಬರ, ಯುದ್ಧ ಎಲ್ಲವೂ ಅವರನ್ನೂ ಓಡಿಸಿದವು. ದೇವರನ್ನು ಉಳಿಸಿಕೊಳ್ಳಲು ಓಡಿದವರು, ದೇವರನ್ನು ಬದಲಿಸಿಕೊಂಡ ಮೇಲೂ ಓಡಿದವರು, ಇಬ್ಬರೂ ಇನ್ನೂರು ಚಿಲ್ಲರೆ ಕಿಲೋಮೀಟರ್ ಆಚೆ ಬಂದು ಅಕ್ಕಪಕ್ಕ ಬೇಲಿ ಹಾಕಿಕೊಂಡು, ಒಂದೇ ಭಾಷೆಯಲ್ಲಿ ಮೀನಿನ ಕ್ರಯ ಚರ್ಚೆ ಮಾಡಿದರು. ಈಗಲೂ ಮಾಡುತ್ತಿದ್ದಾರೆ. ಬೈಂದೂರಿನಲ್ಲಿ ವೆಂಕಟರಮಣನ ಗುಡಿಯೂ ಹೋಲಿ ಕ್ರಾಸ್ ಇಗರ್ಜಿಯೂ ಇವೆ. ಉಪ್ಪುಂದಕ್ಕೆ ಹೋದರೆ ಕೊಂಕಣಿ ಖಾರ್ವಿಗಳ ದೊಡ್ಡ ನೆಲೆ. ಕುಂದಾಪುರದ ಹೋಲಿ ರೋಜರಿ ಇಗರ್ಜಿ ಶುರುವಾದದ್ದು 1570ರಲ್ಲಿ. ಸಿಡ್ನಿಗೆ ಬಿಳಿಯರ ಮೊದಲ ಹಡಗುಗಳು ಬರುವುದಕ್ಕೆ 218 ವರ್ಷ ಮುಂಚೆ.

2011ರ ಜನಗಣತಿಯ ಪ್ರಕಾರ ದೇಶದಲ್ಲಿ ಕೊಂಕಣಿ ಮಾತಾಡುವವರು 22 ಲಕ್ಷದ ಮೇಲೆ. ಇಷ್ಟು ಚಿಕ್ಕ ಭಾಷೆಗೆ ಬಳಕೆಯಲ್ಲಿ ಐದು ಲಿಪಿ: ದೇವನಾಗರಿ, ಕನ್ನಡ, ರೋಮನ್, ಮಲಯಾಳಂ, ಪಾರಸಿ-ಅರಬಿ. ಅದೇ ಜನಗಣತಿಯಲ್ಲಿ ಜನ ತಮ್ಮ ತಾಯ್ನುಡಿ ಎಂದು ಬರೆಸಿದ ಹೆಸರುಗಳು 19,569. ಅಧಿಕಾರಿಗಳು ಸೋಸಿ 1,369ಕ್ಕೆ ಇಳಿಸಿದರು. ಅದರಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಜನ ಆಡುವ ಭಾಷೆಗಳೆಂದು ಗುಂಪು ಮಾಡಿದ ಮೇಲೆ ಉಳಿದದ್ದು 121. ಈ ಜರಡಿಯಲ್ಲಿ ಕುಂದಾಪ್ರ ಕನ್ನಡ ಬೇರೆಯಾಗಿ ನಿಲ್ಲುವುದಿಲ್ಲ. ನಿಲ್ಲದಿದ್ದರೇನಂತೆ, ಆಸಾಡಿ ಅಮಾಸೆಯ ದಿನ ಅದಕ್ಕೊಂದು ವಿಶ್ವ ದಿನವನ್ನೇ ಜನ ಮಾಡಿಕೊಂಡಿದ್ದಾರೆ. ದುಬೈನಲ್ಲೂ ಬೆಂಗಳೂರಿನಲ್ಲೂ ನಡೆಯುತ್ತದೆ, ಊಟದ ಸಮೇತ.

ಘಟ್ಟದ ಬುಡಕ್ಕೆ ಹೋದರೆ ಇನ್ನೊಂದು ಬಗೆ. ಕಾಡಂಚಿನ ಹಳ್ಳಿಗಳಲ್ಲಿ ಮರಾಠಿ ನಾಯ್ಕರ ಮನೆಗಳು. ಜಡ್ಕಲ್, ಮುದೂರಿನ ಕಡೆ ರಬ್ಬರು ತೋಟ ಎಬ್ಬಿಸಿದ ಕೇರಳದ ಕ್ರೈಸ್ತ ಕುಟುಂಬಗಳು. ಅವರ ಇಗರ್ಜಿಗಳಲ್ಲಿ ಮಲಯಾಳಂ. ಕೊಲ್ಲೂರಿನ ರಥಬೀದಿಯಲ್ಲಿ ಕನ್ನಡಕ್ಕಿಂತ ಮಲಯಾಳಂ ಹೆಚ್ಚು ಕೇಳಿಸಿದರೆ ಯಾರೂ ತಿರುಗಿ ನೋಡುವುದಿಲ್ಲ. ಕ್ರೈಸ್ತ ಕುಟುಂಬದಲ್ಲಿ ಹುಟ್ಟಿದ ಗಾಯಕ ಯೇಸುದಾಸ್ ದಶಕಗಳ ಕಾಲ ತಮ್ಮ ಹುಟ್ಟುಹಬ್ಬವಾದ ಜನವರಿ 10ರಂದು ಮೂಕಾಂಬಿಕೆಯ ಮುಂದೆ ಹಾಡಿದರು. ತಮಿಳುನಾಡಿನ ಮುಖ್ಯಮಂತ್ರಿಯಾಗಿದ್ದ ಎಂ.ಜಿ.ಆರ್. ಕೊಟ್ಟ ಚಿನ್ನದ ಖಡ್ಗ ದೇವಿಯ ಭಂಡಾರದಲ್ಲಿದೆ. ವಿಜಯದಶಮಿಯಂದು ಅಕ್ಷರಾಭ್ಯಾಸಕ್ಕೆ ಮಕ್ಕಳನ್ನು ಎತ್ತಿಕೊಂಡು ನಿಲ್ಲುವ ಸಾಲಿನಲ್ಲಿ ಎರಡು ಮೂರು ರಾಜ್ಯಗಳ ಅಪ್ಪಂದಿರಿರುತ್ತಾರೆ.

ಬ್ರಹ್ಮಾವರದ ಒಂದು ಕಥೆಯನ್ನು ಮಾತ್ರ ಇಲ್ಲಿ ಹೇಳದೆ ಬಿಡಲಾರೆ. ಗೋವೆಯ ಕ್ಯಾಥೋಲಿಕ್ ಪಾದ್ರಿ ಅಲ್ವಾರಿಸ್ ತಮ್ಮ ಸಭೆಯೊಂದಿಗೆ ಮುರಿದುಕೊಂಡು 1889ರಲ್ಲಿ ಕೇರಳದ ಸಿರಿಯನ್ ಸಂಪ್ರದಾಯದಲ್ಲಿ ಬಿಷಪ್ ಆದರು. ಅವರ ಅನುಯಾಯಿಗಳ ಮುಖ್ಯ ನೆಲೆ ಬ್ರಹ್ಮಾವರ. ಅಂದರೆ ಗೋವೆಯ ಭಾಷೆ ಆಡುವ ಜನ, ಕೇರಳದ ಸಭೆಗೆ ಸೇರಿ, ಪಶ್ಚಿಮ ಏಷ್ಯಾದ ಅಂತಿಯೋಕ್ಯದಿಂದ ಬಂದ ಪೂಜಾಕ್ರಮದಲ್ಲಿ, ಕನ್ನಡ ನಾಡಿನ ಗದ್ದೆಗಳ ನಡುವೆ ಪ್ರಾರ್ಥನೆ ಮಾಡುತ್ತಾರೆ. ಡ್ಯಾಂಡೆನಾಂಗಿನಲ್ಲಿ ಇಂಥದೊಂದನ್ನು ತೋರಿಸಿ ನೋಡೋಣ.

ಜನರ ಲೆಕ್ಕ ಸಾಕು, ಗುಡ್ಡದ ಲೆಕ್ಕ ನೋಡಿ. ಸೋಮೇಶ್ವರದ ಮರಳಿನಿಂದ ಕೊಡಚಾದ್ರಿಯ ತುದಿಗೆ ಹಕ್ಕಿ ಹಾರುವ ದಾರಿ ಸುಮಾರು 27 ಕಿಲೋಮೀಟರ್. ಅಷ್ಟರಲ್ಲಿ ನೆಲ ಸೊನ್ನೆಯಿಂದ 1,343 ಮೀಟರಿಗೆ ಏರಿರುತ್ತದೆ. ನಮ್ಮವರು ದುಬೈಗೆ ಹೋದಾಗ ಕತ್ತು ನೋಯುವಷ್ಟು ಮೇಲೆ ನೋಡಿ ಫೋಟೊ ತೆಗೆಸಿಕೊಳ್ಳುವ ಬುರ್ಜ್ ಖಲೀಫಾದ ಎತ್ತರ 828 ಮೀಟರ್. ಅಂಥದರ ಮೇಲೆ ಅಂಥದೇ ಇನ್ನೊಂದರ ಅರ್ಧಕ್ಕಿಂತ ಹೆಚ್ಚನ್ನು ನಿಲ್ಲಿಸಿದರೆ ಕೊಡಚಾದ್ರಿಗೆ ಸಮ. ಸಿಡ್ನಿಯವರು ಕಡಲಿನಿಂದ ಹೊರಟು ಸಾವಿರ ಮೀಟರಿನ ನೀಲಿ ಬೆಟ್ಟಗಳನ್ನು ಕಾಣಲು ನೂರು ಕಿಲೋಮೀಟರ್ ಆಸುಪಾಸು ಹೋಗಬೇಕು.

ಈ ಎತ್ತರದಿಂದ ಒಂದು ಚೋದ್ಯ ನಡೆಯುತ್ತದೆ. ದಡದ ಮೇಲೆ ನಿಂತ ಮನುಷ್ಯನಿಗೆ ಕಡಲು ಬಾನು ಕೂಡುವ ಗೆರೆ ಅನಂತ ದೂರದಲ್ಲಿರುವಂತೆ ಕಾಣುತ್ತದೆ, ಕವಿಗಳೂ ಹಾಗೇ ಬರೆಯುತ್ತಾರೆ. ನಿಜಕ್ಕೂ ಅದು ಇರುವುದು ನಾಲ್ಕೂವರೆ ಕಿಲೋಮೀಟರ್ ಆಚೆ, ಯಡ್ತರೆಯಿಂದ ಉಪ್ಪುಂದದಷ್ಟು ದೂರ. ಭೂಮಿಯ ಬಾಗು ಅಷ್ಟಕ್ಕೇ ನೋಟವನ್ನು ಕಡಿದುಬಿಡುತ್ತದೆ. ಕೊಡಚಾದ್ರಿಯ ತುದಿಯಲ್ಲಿ ನಿಂತವನಿಗೆ ಅದೇ ಗೆರೆ 130 ಕಿಲೋಮೀಟರಿಗೆ ಸರಿಯುತ್ತದೆ. ಮೋಡ, ಮಂಜು ಇಲ್ಲದ ಸಂಜೆ ಕಡಲೊಂದೇ ನೂರು ಕಿಲೋಮೀಟರ್ ಆಳಕ್ಕೆ ಕಾಣಬೇಕು. ಇದರ ಫಲವಾಗಿ ಸೂರ್ಯ ಎರಡು ಸಲ ಮುಳುಗುತ್ತಾನೆ. ಸೋಮೇಶ್ವರದಲ್ಲಿ ಕುಳಿತವರು ಮುಳುಗಿದ ಎಂದು ಮರಳು ಕೊಡವಿ ಎದ್ದ ಮೇಲೂ, ಕೊಡಚಾದ್ರಿಯ ಮೇಲೆ ಸರ್ವಜ್ಞ ಪೀಠದ ಹತ್ತಿರ ನಿಂತವರಿಗೆ ಅವನು ಸುಮಾರು ನಾಲ್ಕು ನಿಮಿಷ ಕಾಣುತ್ತಲೇ ಇರುತ್ತಾನೆ. ಇಬ್ಬರು ಗೆಳೆಯರು ಮೊಬೈಲ್ ಹಿಡಿದು ಒಬ್ಬರು ಕೆಳಗೆ, ಒಬ್ಬರು ಮೇಲೆ ನಿಂತರೆ ಪರೀಕ್ಷೆ ಮಾಡಬಹುದು, ಸಿಗ್ನಲ್ ಸಿಕ್ಕರೆ. ಅಷ್ಟು ಮೇಲೆ ಹೋಗಲಾಗದವರಿಗೆ ಒತ್ತಿನೆಣೆಯ ಗುಡ್ಡ ಇದೆ, ಅಲ್ಲಿನ ಕ್ಷಿತಿಜ ನೇಸರ ಧಾಮದಿಂದ ಸಂಜೆ ನೋಡಲು ಜೀಪು ಬೇಡ, ಕಾಲು ನೋವೂ ಇಲ್ಲ.

ಆ ಗುಡ್ಡಸಾಲಿನ ಮೈಯೆಲ್ಲ ಮೂಕಾಂಬಿಕಾ ವನ್ಯಜೀವಿಧಾಮ. 1974ರಲ್ಲಿ ಘೋಷಣೆಯಾದಾಗ 247 ಚದರ ಕಿಲೋಮೀಟರ್. ಬೆಳೆಸಿದ ಮೇಲೆ 370. ಸಿಂಗಪುರ ದೇಶದ ಅರ್ಧದಷ್ಟು ಕಾಡು, ಸಿಂಗಳೀಕಗಳ ಸಮೇತ. ಆನೆಝರಿಯ ಅರಣ್ಯ ಇಲಾಖೆಯ ಶಿಬಿರದಲ್ಲಿ ಒಂದು ರಾತ್ರಿ ಉಳಿಯಬಹುದು. ಜಿಗಣೆಗೆ ಹೆದರುವವರು ಮಳೆಗಾಲ ಬಿಟ್ಟು ಬನ್ನಿ.

ಇದೇ ಕಾಡಿನಲ್ಲಿ ಹುಟ್ಟಿದ ಸೌಪರ್ಣಿಕೆ ಮರವಂತೆಯಲ್ಲಿ ಮಾಡುವ ಆಟವನ್ನು ಚಿತ್ರದಲ್ಲಿ ಎಲ್ಲರೂ ನೋಡಿದ್ದೀರಿ: ಒಂದು ಕಡೆ ಹೊಳೆ, ಒಂದು ಕಡೆ ಕಡಲು, ನಡುವೆ ಹೆದ್ದಾರಿ. ಚಿತ್ರದಲ್ಲಿ ಕಾಣದಿರುವುದು ಮುಂದಿನ ಭಾಗ. ಕಡಲಿಗೆ ರಸ್ತೆಯಷ್ಟು ಹತ್ತಿರ ಬಂದ ಹೊಳೆ ಅಲ್ಲಿ ಸೇರುವುದಿಲ್ಲ. ತಿರುಗಿ, ಸುತ್ತಿ, ಮತ್ತೆ ಹತ್ತು ಕಿಲೋಮೀಟರಿನಷ್ಟು ಹರಿದು ಗಂಗೊಳ್ಳಿಯಲ್ಲಿ ಚಕ್ರ, ವಾರಾಹಿ, ಕುಬ್ಜೆ, ಖೇಟೆಯರ ಜೊತೆ ಪಂಚಗಂಗಾವಳಿಯಾಗಿ ಕಡಲಿಗೆ ಬೀಳುತ್ತದೆ. ಐದರಲ್ಲಿ ವಾರಾಹಿಯೊಂದೇ ಹೊಸಂಗಡಿಯ ನೆಲದಡಿಯ ವಿದ್ಯುದಾಗಾರದಲ್ಲಿ ತಿರುಗಿಸುವ ಯಂತ್ರಗಳ ಶಕ್ತಿ 460 ಮೆಗಾವಾಟ್. ಎಕರೆಗೆ ಕೋಟಿ ಲೀಟರ್ ಮಳೆ ಎಲ್ಲಿ ಹೋಯಿತೆಂಬ ಪ್ರಶ್ನೆಗೆ ಅರ್ಧ ಉತ್ತರ ಬೆಂಗಳೂರಿನ ಬಲ್ಬುಗಳಲ್ಲಿದೆ.

ಕಡಲ ಕೆಲಸದ ಅಳತೆಗಳೂ ಸಣ್ಣವಲ್ಲ. ಹಿಂದೆ ಈ ದಡದಲ್ಲಿ ಎಳೆಯುತ್ತಿದ್ದ ರಂಪಣಿ ಬಲೆಯ ಉದ್ದ ಕಿಲೋಮೀಟರಿಗೂ ಮೀರುತ್ತಿತ್ತು. ದೋಣಿಯಲ್ಲಿ ಅರ್ಧಚಂದ್ರದಂತೆ ಬಿಟ್ಟು, ಎರಡು ತುದಿಗಳನ್ನು ದಡದಿಂದ ಎಳೆಯಲು ಹತ್ತಾರು ಜನ ಬೇಕು. ಬಂಗುಡೆ, ಬೈಗೆ ಮೀನಿನ ರಾಶಿ ಬಿದ್ದರೆ ಇಡೀ ಊರೇ ಹೊರಬೇಕು. 1970ರ ದಶಕದ ನಡುವಿನಲ್ಲಿ ಪರ್ಸಿನ್ ದೋಣಿಗಳು ಬಂದವು, ಮೀನು ದಡಕ್ಕೆ ಬರುವ ಮೊದಲೇ ಬಾಚಿಕೊಂಡವು, ದೊಡ್ಡ ರಂಪಣಿ ಮುಗಿಯಿತು. ಚಿಕ್ಕ ಕೈರಂಪಣಿ ಅಲ್ಲಲ್ಲಿ ಉಳಿದಿದೆ. ಬೆಳಿಗ್ಗೆ ಬೇಗ ಎದ್ದರೆ ನೋಡಲು ಸಿಗುತ್ತದೆ, ಹಗ್ಗಕ್ಕೆ ಕೈ ಹಚ್ಚಿದರೆ ಯಾರೂ ಬೇಡ ಅನ್ನುವುದಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ದೋಣಿಗಳಿಗೆ ರಜೆ. ಆಗ ಉಪ್ಪುಂದ, ಕೊಡೇರಿಯ ನಾಡದೋಣಿಗಳದ್ದೇ ರಾಜ್ಯಭಾರ.

ಇದೇ ನೀರಿನಲ್ಲಿ 1665ರ ಫೆಬ್ರವರಿಯಲ್ಲಿ ಶಿವಾಜಿಯ ನೌಕಾಪಡೆ ಬಸ್ರೂರಿಗೆ ಬಂತು: 85 ಸಣ್ಣ ಯುದ್ಧನೌಕೆ, 3 ದೊಡ್ಡ ಹಡಗು. ಇವತ್ತು ಬಸ್ರೂರಿಗೆ ಹೋಗಿ ನಿಂತವರಿಗೆ ಇದು ನಂಬಲಾಗದ ಮಾತು. ತೆಂಗಿನ ಮರ, ದೇವಸ್ಥಾನ, ಹೊಳೆಬದಿ, ಮಧ್ಯಾಹ್ನದ ನಿದ್ದೆ. 88 ಹಡಗು ತುಂಬಿ ಒಯ್ಯುವಂಥದ್ದು ಇಲ್ಲೇನಿತ್ತು? ಅಕ್ಕಿ ಇತ್ತು. ಇಲ್ಲಿನ ಗದ್ದೆಗಳ ಅಕ್ಕಿ ಗೋವೆ, ಮಸ್ಕತ್, ಹೋರ್ಮುಜ್‌ಗಳ ಹೊಟ್ಟೆ ತುಂಬಿಸುತ್ತಿತ್ತು, ಅದರ ಹಣ ಬಸ್ರೂರಿನ ಸೆಟ್ಟಿಗಳ ಕೈಯಲ್ಲಿತ್ತು. ಕಡೆಗೂ ಎಲ್ಲ ತಿರುಗಿ ಬರುವುದು ಎಕರೆಯ ಮೇಲಿನ ಆ ಕೋಟಿ ಲೀಟರಿಗೇ.

ರಾತ್ರಿಯ ಲೆಕ್ಕವೊಂದು ಬಾಕಿ ಇದೆ. ಸಿಡ್ನಿಗೆ ಹೋದವರು ಆಪೆರಾ ಹೌಸ್ ಮುಂದೆ ನಿಲ್ಲದೆ ಬರುವುದಿಲ್ಲ. ಅದರ ಎಲ್ಲ ಸಭಾಂಗಣಗಳೂ ಸೇರಿ ವರ್ಷಕ್ಕೆ 1,500ಕ್ಕೂ ಹೆಚ್ಚು ಪ್ರದರ್ಶನಗಳು ನಡೆಯುತ್ತವೆ, ಜಗತ್ತಿನ ಬಲು ಬಿಡುವಿಲ್ಲದ ರಂಗಮಂದಿರಗಳಲ್ಲಿ ಅದೊಂದು. ಇತ್ತ ಮಂದಾರ್ತಿ ದುರ್ಗಾಪರಮೇಶ್ವರಿ ದೇವಸ್ಥಾನಕ್ಕೆ ಐದು ಯಕ್ಷಗಾನ ಮೇಳಗಳಿವೆ. ದೀಪಾವಳಿ ಕಳೆದ ಮೇಲೆ ಹೊರಟರೆ ಮಳೆ ಹಿಡಿಯುವವರೆಗೆ ಆರು ತಿಂಗಳು ತಿರುಗಾಟ. ಮೇಳಕ್ಕೆ 180 ರಾತ್ರಿಯಂತೆ ಇಟ್ಟರೂ 900 ಆಟ. ಒಂದೇ ದೇವಸ್ಥಾನದ್ದು! ಮಾರಣಕಟ್ಟೆ, ಕಮಲಶಿಲೆ, ಸೌಕೂರು ಮೊದಲಾದ ಮೇಳಗಳನ್ನೂ, ಡೇರೆ ಮೇಳಗಳನ್ನೂ ಸೇರಿಸುತ್ತ ಹೋದರೆ ಆಪೆರಾ ಹೌಸಿನ ಲೆಕ್ಕ ಯಾವಾಗ ಹಿಂದೆ ಬೀಳುತ್ತದೆಂದು ನೀವೇ ನೋಡಿ. ಹರಕೆಯ ಆಟಕ್ಕೆ ಟಿಕೆಟಿಲ್ಲ, ಗದ್ದೆಗೆ ಯಾರು ಬಂದರೂ ಪ್ರೇಕ್ಷಕರೇ, ಎಷ್ಟೋ ಕಡೆ ಊಟವೂ ಇರುತ್ತದೆ. ಆದರೆ ಆಟ ಆಡಿಸಲು ಹೊರಟರೆ ಬೇರೆ ಕಥೆ. ಮಂದಾರ್ತಿಯಲ್ಲಿ ಇಂದು ಹೆಸರು ಬರೆಸಿದವರ ಸರದಿ ಬರುವಾಗ ಅವರ ಮೊಮ್ಮಕ್ಕಳು ಶಾಲೆಗೆ ಹೋಗುತ್ತಿರಬಹುದು. ಈಗ ಕಾಲಮಿತಿ ಬಂದು ಹಲವು ಮೇಳಗಳ ಆಟ ನಡುರಾತ್ರಿಗೇ ಮುಗಿಯುತ್ತದೆ. ನನಗೇನೋ ಬೆಳಗಿನ ಜಾವದ ಚಂಡೆಯಿಲ್ಲದ ಆಟ ಅರ್ಧ ಊಟದಂತೆ. ಮರುದಿನ ಕೆಲಸಕ್ಕೆ ಹೋಗಬೇಕಾದವರು ಒಪ್ಪಲಿಕ್ಕಿಲ್ಲ.

ಓದುವವರಿಗೂ ಇಲ್ಲಿ ದಾರಿ ಇದೆ. ಯಡ್ತರೆಯಿಂದ ತೆಂಕಣಕ್ಕೆ ಹೋಗುವಾಗ ಮೊಗೇರಿ, ಗೋಪಾಲಕೃಷ್ಣ ಅಡಿಗರು 1918ರಲ್ಲಿ ಹುಟ್ಟಿದ ಊರು. ಕುಂದಾಪುರ ದಾಟಿದರೆ ಕೋಟ, ಶಿವರಾಮ ಕಾರಂತರ ಊರು. ಅವರ ಹೆಸರಿನ ಥೀಮ್ ಪಾರ್ಕ್ ಅಲ್ಲೇ ಹತ್ತಿರ. 95 ವರ್ಷ ಬಾಳಿ ಕಾರಂತರು ಬರೆದ ಕಾದಂಬರಿ 47, ಒಟ್ಟು ಪುಸ್ತಕಗಳು 400ರ ಮೇಲೆ. ಎಪ್ಪತ್ತೈದು ವರ್ಷ ಎಡೆಬಿಡದೆ ಬರೆದರೆಂದರೂ ಎರಡು ತಿಂಗಳು ಚಿಲ್ಲರೆಗೆ ಒಂದು ಪುಸ್ತಕ. ನಡುವೆ ಯಕ್ಷಗಾನ, ಸಿನಿಮಾ, ಚುನಾವಣೆ, ವಿಶ್ವಕೋಶ, ಪರಿಸರ ಹೋರಾಟ ಬೇರೆ. ನಾನು ಈ ಒಂದು ಲೇಖನಕ್ಕೇ ಸಂಪಾದಕರಿಂದ ಗಡುವು ಕೇಳಿಕೊಂಡವನು.

ಊಟದ ವಿಷಯ ಬೇಗ ಹೇಳಿ ಮುಗಿಸುತ್ತೇನೆ, ಇಲ್ಲದಿದ್ದರೆ ಇದೇ ಒಂದು ಪುರಾಣವಾದೀತು. ಬೆಳಿಗ್ಗೆ ನೀರ್ ದೋಸೆ ಅಥವಾ ಕೊಟ್ಟೆ ಕಡುಬು, ಮಧ್ಯಾಹ್ನ ಕೊಲ್ಲೂರಿನಲ್ಲಿ ದೇವಸ್ಥಾನದ ಊಟ, ಸಂಜೆ ಶಿರೂರು, ಭಟ್ಕಳದ ಕಡೆ ನವಾಯತರ ಶಾವಿಗೆ ಬಿರಿಯಾನಿ, ರಾತ್ರಿ ಕುಂದಾಪುರದ ಕೋಳಿ ಸಾರು. ಕೊಂಕಣಿ ಮನೆಯವರ ಪರಿಚಯವಿದ್ದರೆ ದಾಳಿತೋವೆ, ಕ್ರೈಸ್ತ ಸ್ನೇಹಿತರಿದ್ದರೆ ಹಬ್ಬದ ದಿನ ಸಾನ್ನ. ಇವೆಲ್ಲ ಮೂವತ್ತು ಕಿಲೋಮೀಟರಿನ ಆಚೀಚೆ. ಹ್ಯಾರಿಸ್ ಪಾರ್ಕಿನಂತೆ ಒಂದೇ ಬೀದಿಯಲ್ಲಿ ಸಾಲಾಗಿ ಬೋರ್ಡು ಹಾಕಿಕೊಂಡು ನಿಂತಿಲ್ಲ, ನಿಜ. ಆಸ್ಟ್ರೇಲಿಯಾದವರು ನಮಗಿಂತ ಜಾಣರಾಗಿರುವುದು ಇಲ್ಲೇ: ತಮ್ಮಲ್ಲಿರುವುದನ್ನು ಪಟ್ಟಿ ಮಾಡಿ, ನಕಾಶೆ ಹಾಕಿ, ರೈಲು ನಿಲ್ದಾಣದಲ್ಲೇ ಅಂಟಿಸುತ್ತಾರೆ. ನಮ್ಮ ನಿಲ್ದಾಣದಿಂದ ಹೊರಗೆ ಬಂದವರಿಗೆ ಕೇಳಿಸುವುದು ‘ಕೊಲ್ಲೂರು, ಕೊಲ್ಲೂರು’ ಎಂಬ ಕೂಗು ಮಾತ್ರ. ಒತ್ತಿನೆಣೆ, ಗಂಗೊಳ್ಳಿ, ಬಸ್ರೂರು, ಬಾರಕೂರು, ಆಟದ ಗದ್ದೆ, ಕೈರಂಪಣಿ ಎಳೆಯುವ ದಡ ಯಾವುದೂ ಕೇಳಿಸುವುದಿಲ್ಲ. ಹೊಸ ಪಟ್ಟಣ ಪಂಚಾಯಿತಿ ಒಂದು ದೊಡ್ಡ ನಕಾಶೆ ಬರೆಸಿ, ಕನ್ನಡದ ಜೊತೆ ಮಲಯಾಳಂನಲ್ಲೂ ಊರಹೆಸರು ಹಾಕಿ ನಿಲ್ಲಿಸಿದರೆ ದೊಡ್ಡ ಖರ್ಚಿನ ಕೆಲಸವಲ್ಲ.

ನೀವಂತೂ ಮುಂದಿನ ಸಲ ಮೂಕಾಂಬಿಕಾ ರೋಡಿಗೆ ಟಿಕೆಟ್ ಮಾಡುವಾಗ ವಾಪಸ್ ಟಿಕೆಟನ್ನು ಅದೇ ದಿನಕ್ಕೆ ಮಾಡಬೇಡಿ; ಮೂರು ದಿನವಾದರೂ ಬಿಡಿ. ಡಿಸೆಂಬರಿನಿಂದ ಫೆಬ್ರವರಿಯೊಳಗೆ ಬಂದರೆ ಆಟವೂ ಸಿಗುತ್ತದೆ, ಗುಡ್ಡದ ಮೇಲೆ ಸಂಜೆಯೂ ಸಿಗುತ್ತದೆ. ಮಳೆಯನ್ನೇ ನೋಡಬೇಕೆಂದು ಜೂನ್, ಜುಲೈಯಲ್ಲಿ ಬರುವವರು ಖಂಡಿತ ಬನ್ನಿ, ಆದರೆ ಕಡಲಿಗೂ ಅಬ್ಬಿಗೂ ಇಳಿಯಬೇಡಿ. ಹುಟ್ಟಿನಿಂದ ಈ ನೀರು ಬಲ್ಲವರೇ ದೊಡ್ಡ ದೋಣಿಗಳನ್ನು ದಡಕ್ಕೆ ಕಟ್ಟಿ ಕೂರುವ ತಿಂಗಳುಗಳು ಅವು.